ಸೆಪ್ಟೆಂಬರ್‌ನಲ್ಲಿ ಬೋಟ್ ಎಲ್ಲಿರುತ್ತದೆ?

ಅಮೆರಿಕದ ಫ್ಲೋರಿಡಾದ ಕೇಪ್ ಕೋರಲ್‌ನಲ್ಲಿ ಕೆಲಸ ಸಿಕ್ಕಿದೆ, ಕಾಲುವೆಯ ದಡದಲ್ಲೇ ಮನೆ ಹಿಡಿಯುವ ಆಸೆ, ಜೊತೆಗೆ ಹಳೆಯದೊಂದು ಬೋಟ್ ಕೊಳ್ಳಬಹುದೇ, ಚಂಡಮಾರುತಕ್ಕೆ ಎಷ್ಟು ಹೆದರಬೇಕು ಎಂದು ಕೇಳಿದ್ದೀರಿ. ಕುಂದಾಪುರದವರು ನೀರಿನ ಪಕ್ಕ ಮನೆ ಮಾಡಿ ಬೋಟ್ ಬೇಡವೆಂದರೆ ನಂಬಲು ಕಷ್ಟ. ನಾನೂ ಮಲ್ಪೆಯವನೇ, ಮಾರಾಯರೇ.

ಕೊಳ್ಳಿ. ಆದರೆ ಬೆಲೆ ಕೇಳುವ ಮೊದಲೇ ಅದು ಸೆಪ್ಟೆಂಬರ್‌ನಲ್ಲಿ ಎಲ್ಲಿರುತ್ತದೆ ಎಂದು ಗೊತ್ತುಮಾಡಿಕೊಳ್ಳಿ. ನಮ್ಮೂರಲ್ಲಿ ಜೂನ್, ಜುಲೈಯಲ್ಲಿ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬಂದರಿನಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಕಡಲು ಕೆರಳಿದ್ದು ದಿನವೂ ಕಣ್ಣಿಗೆ ಕಾಣುತ್ತದೆ. ಇಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲವೆಂದರೂ ಬಹುಪಾಲು ದಿನ ನೀರು ಕೆರೆಯಂತೆ ಸುಮ್ಮನಿರುತ್ತದೆ. ಮೋಸ ಹೋಗುವುದು ಅಲ್ಲಿಯೇ.

2022ರಲ್ಲಿ ಇಯಾನ್ ಚಂಡಮಾರುತ ಬಂದಾಗ ನನ್ನ 22 ಅಡಿಯ ಬೋಟ್ ಫೋರ್ಟ್ ಮೈಯರ್ಸ್ ಬೀಚ್ ಹತ್ತಿರ ಬಾಡಿಗೆಯ ಕಟ್ಟೆಯಲ್ಲಿತ್ತು. ಮೊದಲ ಮುನ್ಸೂಚನೆಗಳು ಉತ್ತರದ ಟ್ಯಾಂಪಾ ನಗರದ ಕಡೆಗೆ ಕೈತೋರಿಸುತ್ತಿದ್ದವು. ನಾನು ಎರಡು ಸುತ್ತು ಹೆಚ್ಚು ಹಗ್ಗ ಬಿಗಿದು ನೆಮ್ಮದಿಯಿಂದ ಮನೆಗೆ ಹೋದೆ. ಸೆಪ್ಟೆಂಬರ್ 28ರಂದು ಇಯಾನ್ ಕಾಯೊ ಕೋಸ್ಟಾ ದ್ವೀಪಕ್ಕೆ ಅಪ್ಪಳಿಸಿದಾಗ ಗಾಳಿಯ ವೇಗ ಗಂಟೆಗೆ 240 ಕಿ.ಮೀ. ಆದರೆ ಬೋಟನ್ನು ಕೊಂದದ್ದು ಗಾಳಿಯಲ್ಲ, ನೀರು. ಆ ಬೀಚಿನಲ್ಲಿ ಕಡಲು ನೆಲದಿಂದ 10ರಿಂದ 15 ಅಡಿ ಏರಿತ್ತು. ಬಿಗಿದ ಹಗ್ಗದಲ್ಲಿ ಬೋಟ್ ಮೇಲೇಳಲು ಜಾಗವೆಲ್ಲಿ? ಕಂಬವೇ ಕಿತ್ತುಬಂತು. ಒಂಬತ್ತು ದಿನಗಳ ಮೇಲೆ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನೊಳಗೆ ಮಗುಚಿಬಿದ್ದ ಬೋಟ್ ಸಿಕ್ಕಿತು, ಕಂಬದ ತುಂಡು ಇನ್ನೂ ಹಗ್ಗದಲ್ಲೇ ಇತ್ತು. ಸ್ಯಾನ್ ಕಾರ್ಲೋಸ್ ದ್ವೀಪದಲ್ಲಿ ಸೀಗಡಿ ಹಿಡಿಯುವ ಭಾರೀ ಬೋಟುಗಳೇ ದಡಕ್ಕೆ ಬಂದು ರಾಶಿಬಿದ್ದಿದ್ದವು. ನನ್ನದು ಯಾವ ಲೆಕ್ಕ.

ಆಮೇಲಿನದ್ದು ಇನ್ನೂ ಉದ್ದದ ಕಥೆ. ಕೆಟ್ಟುಹೋದರೂ ಬೋಟ್ ನಿಮ್ಮದೇ, ಎತ್ತಿಸುವ ಹೊಣೆಯೂ ನಿಮ್ಮದೇ. ಕಾಂಡ್ಲಾ ಗಿಡಗಳನ್ನು ಮನಬಂದಂತೆ ಕಡಿಯುವಂತಿಲ್ಲ, ಕ್ರೇನ್‌ಗೆ ತಿಂಗಳುಗಟ್ಟಲೆ ಸರದಿ. ಮರುದಿನವೇ ಒಬ್ಬ ಬೋಟ್ ಎತ್ತಿಕೊಡುವ ಕರಾರಿನ ಕಾಗದ ಹಿಡಿದು ಬಂದು ಸಹಿ ಹಾಕಿ ಎಂದ. ವಿಮೆಯವರಿಗೆ ಫೋನ್ ಮಾಡದೆ ಅಂಥ ಕಾಗದಕ್ಕೆ ಸಹಿ ಹಾಕಬೇಡಿ; ನಾನು ಹಾಕಿ ಕಲಿತೆ. ವಿಮೆಯಲ್ಲಿ ಹೆಸರಿಟ್ಟ ಚಂಡಮಾರುತಗಳಿಗೆ ನೀವೇ ಕೈಯಿಂದ ಹಾಕಬೇಕಾದ ಪಾಲು ಬೇರೆಯೇ, ಹೆಚ್ಚೇ ಇರಬಹುದು. ಮುನ್ನೆಚ್ಚರಿಕೆಗೆ ಬೋಟ್ ಮೇಲೆತ್ತಿಸುವ ಖರ್ಚಿನಲ್ಲಿ ಪಾಲು ಕೊಡುವ ಪಾಲಿಸಿಗಳೂ ಇವೆ, ಅಂಥದ್ದನ್ನೇ ಹುಡುಕಿ. ಬೋಟಿನ ಒಳಹೊರಗಿನ ಫೋಟೋಗಳು ಮೇ ತಿಂಗಳಲ್ಲೇ ಮೊಬೈಲಿನಲ್ಲಿರಲಿ.

ಈಗ ನನ್ನದು ಚಿಕ್ಕ ಬೋಟ್, ಟ್ರೇಲರ್ ಸಮೇತ. 2024ರಲ್ಲಿ ಹೆಲೀನ್ ಚಂಡಮಾರುತ ಹೋಗಿ ಹದಿಮೂರನೆಯ ದಿನಕ್ಕೆ ಮಿಲ್ಟನ್ ಬಂತು. ಎರಡು ಸಲವೂ ಒಳನಾಡಿನ ಗೆಳೆಯರೊಬ್ಬರ ಅಂಗಳಕ್ಕೆ ಎಳೆದುಕೊಂಡು ಹೋಗಿ, ಟೈರಿನ ಗಾಳಿ ಇಳಿಸಿ, ಮಳೆನೀರು ಹರಿದುಹೋಗಲೆಂದು ತಳದ ಬಿರಡೆ ತೆಗೆದು, ನೆಲಕ್ಕೆ ಕಟ್ಟಿದೆ. ಹೆಂಡತಿ ಇದನ್ನು ದನ ಕಟ್ಟುವುದು ಎನ್ನುತ್ತಾಳೆ. ಎಷ್ಟೇ ಮಮತೆಯಿದ್ದರೂ ಬಿರುಗಾಳಿಯಲ್ಲಿ ಬೋಟಿನೊಳಗೆ ಮಾತ್ರ ಕಾವಲು ಕೂರಬೇಡಿ.

ಶನಿವಾರ ನೋಡಲು ಹೋಗುತ್ತೀರೆಂದು ಬರೆದಿದ್ದೀರಿ. ಟ್ರೇಲರ್ ಕೂಡ ಕೊಡುತ್ತಾರೆಯೇ ಎಂದು ಮೊದಲು ಕೇಳಿ, ಅದರ ಟೈರುಗಳನ್ನೂ ನೋಡಿ.