ಸಂಪಾದಕರ ಉತ್ತರ: 12 ನಿಮಿಷದಲ್ಲಿ ಒಬ್ಬ ಹುಡುಗ ಎಷ್ಟು ಕಾಣುತ್ತಾನೆ?

ಈ ತಿಂಗಳು ಬಂದ ಪತ್ರಗಳಲ್ಲಿ ಒಂದನ್ನು ನಾನು ಮೂರು ಸಲ ಓದಿದೆ. ಬರೆದವರು ಒಬ್ಬ ತಾಯಿ. ಹೆಸರು ಹಾಕಬೇಡಿ ಎಂದಿದ್ದಾರೆ. ಅವರ ಮಗ ಶಾಲೆಯ ರಗ್ಬಿ ತಂಡದಲ್ಲಿ ಫ್ಲ್ಯಾಂಕರ್, ಅಂದರೆ ಎದುರಾಳಿಯಿಂದ ಚೆಂಡು ಕಿತ್ತುಕೊಳ್ಳಲು ಓಡುವವನು, 7ನೇ ನಂಬರಿನ ಜೆರ್ಸಿ. ಸುತ್ತಲಿನ ಶಾಲೆಗಳಿಂದ ಹುಡುಗರನ್ನು ಆರಿಸಿ ಕಟ್ಟುವ 16 ವರ್ಷದೊಳಗಿನವರ ವಲಯ ತಂಡದ ಟ್ರಯಲ್ಸ್‌ಗೆ ಹೋಗಿದ್ದ. ಬೆಳಿಗ್ಗೆ 7 ಗಂಟೆಗೆ ಹೋಗಿ ನಿಂತವನಿಗೆ ಆಡಲು ಸಿಕ್ಕಿದ್ದು ಮಧ್ಯಾಹ್ನದ ಮೇಲೆ. ಅದೂ 12 ನಿಮಿಷ. ಅದೂ ವಿಂಗ್‌ನಲ್ಲಿ, ಮೈದಾನದ ಅಂಚಿನ ಜಾಗದಲ್ಲಿ. ಸಂಜೆ ಮೈಕ್ ಹಿಡಿದು 23 ಹೆಸರು ಓದಿದರು. ಅದರಲ್ಲಿ 9 ಹೆಸರು ಒಂದೇ ಶಾಲೆಯವು. ಆ ಶಾಲೆಯ ಕೋಚ್ ಆಯ್ಕೆ ಸಮಿತಿಯಲ್ಲೇ ಇದ್ದರು.

"ದಾರಿಯುದ್ದಕ್ಕೂ ಮಗ ಒಂದು ಮಾತೂ ಆಡಲಿಲ್ಲ. ಮನೆಗೆ ಬಂದವನು ಬೂಟಿನ ಕೆಸರನ್ನೂ ತೊಳೆಯದೆ ಮೂಲೆಗಿಟ್ಟ. ಮೊದಲೇ ಎಲ್ಲ ತೀರ್ಮಾನ ಆಗಿದ್ದರೆ ಇಷ್ಟು ಮಕ್ಕಳನ್ನು ಯಾಕೆ ಕರೆಯಬೇಕಿತ್ತು?" ಎಂದು ಕೇಳಿದ್ದಾರೆ. ಒಂದೊಂದು ಶಾಲೆಗೂ ಇಷ್ಟಿಷ್ಟು ಜಾಗ ಎಂದು ಮೀಸಲಿಟ್ಟರೆ ಸರಿಹೋಗುತ್ತದೆ ಅನ್ನುವುದು ಅವರ ಸಲಹೆ.

ಅಮ್ಮಾ, ನಿಮ್ಮ ಸಿಟ್ಟು ನ್ಯಾಯವಾದದ್ದು. ಆದರೆ ಅದನ್ನು ಒಬ್ಬ ಕೋಚ್ ಮೇಲೆ ಮಾತ್ರ ಹಾಕಿದರೆ, ಮುಂದಿನ ವರ್ಷ ಆ ಕೋಚ್ ಬದಲಾಗುತ್ತಾರೆ, ಟ್ರಯಲ್ಸ್ ಹಾಗೇ ಇರುತ್ತದೆ. ಟ್ರಯಲ್ಸ್‌ನಲ್ಲಿ ನಡೆಯುವ ಅನ್ಯಾಯ ಮನುಷ್ಯರ ಮನಸ್ಸಿನಲ್ಲಿ ಇರುವುದಕ್ಕಿಂತ ಜಾಸ್ತಿ ಏರ್ಪಾಡಿನಲ್ಲಿ ಇರುತ್ತದೆ. ಇದನ್ನು ನಾನು ಹತ್ತಿರದಿಂದ ನೋಡಿ ಕಲಿತೆ.

ತುಂಬ ವರ್ಷಗಳ ಹಿಂದೆ ಇಂಥದ್ದೇ ಒಂದು ಟ್ರಯಲ್ಸ್‌ನಲ್ಲಿ ಆಯ್ಕೆದಾರರ ಪಕ್ಕ ಕೂತು, ಅವರು ಹೇಳಿದ್ದನ್ನು ಬರೆದುಕೊಳ್ಳುವ ಕೆಲಸ ನನ್ನದಾಗಿತ್ತು. ಬೆಳಗಿನ ಮಳೆಗೆ ಮೈದಾನ ಒದ್ದೆಯಾಗಿತ್ತು. ಹುಡುಗರ ಬೆನ್ನಿಗೆ ಕಾಗದದ ನಂಬರ್ ಪಿನ್ ಮಾಡಿದ್ದರು. ಅರ್ಧ ಗಂಟೆಯೊಳಗೆ ಅರ್ಧ ನಂಬರುಗಳು ಹರಿದುಹೋದವು. ಗೆರೆಯಾಚೆ ಹೋದ ಚೆಂಡನ್ನು ಎರಡೂ ತಂಡಗಳ ಸಾಲುಗಳ ನಡುವೆ ಎಸೆಯುವ ಲೈನ್‌ಔಟ್‌ಗೆ ಒಬ್ಬ ಹುಕರ್ ಬಂದ. ಅವನು ಒಂದು ಶಾಲೆ, ಚೆಂಡು ಹಿಡಿಯಲು ಹಾರಬೇಕಾದ ಲಾಕ್ ಇನ್ನೊಂದು ಶಾಲೆ. ಒಬ್ಬರಿಗೊಬ್ಬರ ಹೆಸರೂ ಗೊತ್ತಿಲ್ಲ. ಲೈನ್‌ಔಟ್ ಅಂದರೆ ಸಂಕೇತದ ಆಟ. ಹುಕರ್ ಎಸೆಯುವುದಕ್ಕೂ ಲಾಕ್ ಹಾರುವುದಕ್ಕೂ ಕ್ಷಣ ಕೂಡಿಬರಬೇಕು. ಮೊದಲ ಎಸೆತದಲ್ಲಿ ಲಾಕ್ ಹಾರಲೇ ಇಲ್ಲ. ಎರಡನೆಯದರಲ್ಲಿ ಚೆಂಡು ಬರುವ ಮೊದಲೇ ಹಾರಿದ. ಮೂರನೆಯದು ಎದುರಾಳಿಗಳ ಕೈಗೆ ಹೋಯಿತು. ಪಕ್ಕದಲ್ಲಿದ್ದ ಹಿರಿಯರು "ಎಸೆತ ಸರಿಯಿಲ್ಲ, ಬರ್ಕೊಳ್ಳಿ" ಅಂದರು. ನಾನು ಬರೆದೆ. ಎಸೆತ ಮೂರೂ ನೇರವಾಗಿಯೇ ಇದ್ದವು. ನನಗೆ ಅದು ಕಂಡಿತ್ತು. ಆದರೂ ಸುಮ್ನೆ ಬರೆದೆ. ಆ ಹುಡುಗನ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಆ ಹಿರಿಯರಿಗೆ ಅವನ ಮೇಲೆ ಯಾವ ದ್ವೇಷವೂ ಇರಲಿಲ್ಲ. ಅವನು ಯಾವ ಶಾಲೆಯವನು ಅನ್ನುವುದೂ ಅವರಿಗೆ ಗೊತ್ತಿರಲಿಲ್ಲ. ಆಟಕ್ಕೆ ಮೊದಲು 15 ನಿಮಿಷ ಕೊಟ್ಟು "ಇಬ್ಬರೂ ಕೂತು ಎರಡು ಸಂಕೇತ ಮಾಡಿಕೊಳ್ಳಿ" ಅಂದಿದ್ದರೆ ಸಾಕಿತ್ತು.

ಈಗ ನಿಮ್ಮ ಪತ್ರದಲ್ಲಿರುವ ಆ 9 ಹುಡುಗರನ್ನು ನೆನೆಸಿಕೊಳ್ಳಿ. ಅವರಿಗೆ ಸಂಕೇತ ಮಾಡಿಕೊಳ್ಳುವ ಅಗತ್ಯವೇ ಇಲ್ಲ. ಗುಂಪಿನಿಂದ ಚೆಂಡು ಹೊರತೆಗೆಯುವ ಸ್ಕ್ರಮ್ ಹಾಫ್ ತಲೆ ಎತ್ತಿ ನೋಡದೆಯೇ ಪಾಸ್ ಕೊಡುತ್ತಾನೆ, ಅದನ್ನು ಹಿಡಿಯಬೇಕಾದ ಫ್ಲೈ ಹಾಫ್ ಅಲ್ಲೇ ನಿಂತಿರುತ್ತಾನೆ, ಯಾಕೆಂದರೆ ಇಬ್ಬರೂ ದಿನಾ ಸಂಜೆ ಅದನ್ನೇ ಮಾಡುತ್ತಾರೆ. ನೋಡುವವರಿಗೆ ಇಬ್ಬರೂ ಮಿಂಚುತ್ತಾರೆ. ಅವರ ಎದುರಿಗೆ ಬೇರೆ ಬೇರೆ ಶಾಲೆಯಿಂದ ಬಂದ ಇಬ್ಬರು ತಡಬಡಾಯಿಸುತ್ತಾರೆ. ಇಲ್ಲಿ ಕಂಡದ್ದು ಪ್ರತಿಭೆಯೋ ಪರಿಚಯವೋ? ಬಿಡಿಸಿ ನೋಡುವ ದಾರಿ ಒಂದೇ. ಎರಡನೇ ಆಟದಲ್ಲಿ ಆ ಜೋಡಿಯನ್ನು ಒಡೆದು, ಒಬ್ಬೊಬ್ಬರನ್ನು ಬೇರೆಯವರ ಜೊತೆ ಆಡಿಸಬೇಕು. ಎಷ್ಟು ಟ್ರಯಲ್ಸ್‌ನಲ್ಲಿ ಹೀಗೆ ಮಾಡುತ್ತಾರೆ? ನಾನು ನೋಡಿದ್ದು ತೀರಾ ಕಡಿಮೆ.

ನಿಮ್ಮ ಮಗನಿಗೆ ಸಿಕ್ಕ 12 ನಿಮಿಷದ ಲೆಕ್ಕಕ್ಕೆ ಬರೋಣ. 90 ಹುಡುಗರು ಬಂದರು ಅಂದುಕೊಳ್ಳಿ. ತಂಡಕ್ಕೆ 15ರಂತೆ ಆರು ತಂಡ, ಮೂರು ಪಂದ್ಯ. ಒಂದೊಂದು 40 ನಿಮಿಷ ಅಂದರೂ ಎರಡು ಗಂಟೆಯಲ್ಲಿ ಎಲ್ಲರೂ 40 ನಿಮಿಷ ಆಡಿ ಮುಗಿಸಬಹುದು. ಕಾಗದದ ಮೇಲೆ ಇದು ಸಲೀಸು. ಮೈದಾನದಲ್ಲಿ ಹೀಗಾಗುವುದಿಲ್ಲ. ರಗ್ಬಿಯಲ್ಲಿ ಎಲ್ಲರೂ ಎಲ್ಲ ಜಾಗದಲ್ಲೂ ಆಡಲು ಬರುವುದಿಲ್ಲ. 90 ಹುಡುಗರಲ್ಲಿ ಫ್ಲ್ಯಾಂಕರ್ ಎಂದು ಹೇಳಿಕೊಳ್ಳುವವರು ಇಪ್ಪತ್ತು ಜನ ಇರಬಹುದು, ಸ್ಕ್ರಮ್‌ನ ಮುಂಸಾಲಿನ ಎರಡು ಬದಿಗೆ ನಿಲ್ಲುವ ಪ್ರಾಪ್ ಆಡುವವರು ಆರೇ ಜನ ಇರಬಹುದು. ಸ್ಕ್ರಮ್ ಅಂದರೆ ಎರಡೂ ತಂಡಗಳ ಹುಡುಗರು ಬಗ್ಗಿ, ಒಬ್ಬರಿಗೊಬ್ಬರು ಅಂಟಿಕೊಂಡು ಚೆಂಡಿಗಾಗಿ ತಳ್ಳಾಡುವುದು. ಸ್ಕ್ರಮ್‌ನ ಮುಂಸಾಲಿಗೆ ಅಭ್ಯಾಸ ಇಲ್ಲದ ಹುಡುಗನನ್ನು ತಳ್ಳುವಂತಿಲ್ಲ. ಕುತ್ತಿಗೆಗೆ ಪೆಟ್ಟಾದರೆ ಬದುಕೇ ಮುಗಿದಂತೆ. 19 ವರ್ಷದೊಳಗಿನವರ ಆಟದಲ್ಲಿ ಸ್ಕ್ರಮ್ ಅನ್ನು ಒಂದೂವರೆ ಮೀಟರ್‌ಗಿಂತ ಮುಂದೆ ತಳ್ಳಬಾರದು ಎಂಬ ನಿಯಮ ಇರುವುದು ಈ ಭಯಕ್ಕೇ. ಹಾಗಾಗಿ ಇರುವ ನಾಲ್ಕಾರು ಪ್ರಾಪ್‌ಗಳೇ ಒಂದಾದ ಮೇಲೆ ಒಂದು ಪಂದ್ಯ ಆಡಿ ಸುಸ್ತಾಗುತ್ತಾರೆ. ಮೂರನೇ ಪಂದ್ಯದ ಹೊತ್ತಿಗೆ ಅವರ ಕಾಲು ನಡುಗುತ್ತಿರುತ್ತದೆ. ಅದನ್ನು ನೋಡಿ ಅವರನ್ನೂ ತಪ್ಪಾಗಿ ಅಳೆಯುತ್ತಾರೆ. ಫ್ಲ್ಯಾಂಕರ್‌ಗಳು ಮಾತ್ರ ಗೆರೆಯಾಚೆ ಸಾಲಾಗಿ ನಿಂತಿರುತ್ತಾರೆ. ಮಧ್ಯಾಹ್ನವಾಗುತ್ತಿದ್ದಂತೆ ಯಾರಿಗೋ ನೆನಪಾಗುತ್ತದೆ, "ಈ ಹುಡುಗ ಇನ್ನೂ ಆಡಿಲ್ಲ ಅಲ್ವಾ?" ವಿಂಗ್‌ನಲ್ಲಿ ಜಾಗ ಖಾಲಿ ಇರುತ್ತದೆ. ಕಳಿಸುತ್ತಾರೆ.

ಫ್ಲ್ಯಾಂಕರ್‌ನ ಕೆಲಸವೇ ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ಬೀಳಿಸುವುದು, ನಡೆದ ಜಾಗಕ್ಕೆ ಎಲ್ಲರಿಗಿಂತ ಮೊದಲು ಓಡಿಹೋಗಿ, ಬಗ್ಗಿ, ಚೆಂಡನ್ನು ಕಿತ್ತುಕೊಳ್ಳುವುದು. ವಿಂಗ್‌ನಲ್ಲಿ ನಿಂತವನ ಕೈಗೆ 12 ನಿಮಿಷದಲ್ಲಿ ಒಮ್ಮೆಯೂ ಚೆಂಡು ಬರದೆ ಇರಬಹುದು. ಈಜುವವನನ್ನು ಮರಳಲ್ಲಿ ನಿಲ್ಲಿಸಿ ಈಜು ನೋಡಿದ ಹಾಗಾಯಿತು. ನಿಮ್ಮ ಮಗನನ್ನು ಅವರು ಬೇಡ ಅನ್ನಲಿಲ್ಲ. ನೋಡಲೇ ಇಲ್ಲ.

ಇದನ್ನು ಸರಿಪಡಿಸಲು ದುಡ್ಡು ಬೇಡ. ಒಂದು ವಾರ ಮೊದಲು ಪ್ರತಿ ಶಾಲೆಯಿಂದ ಪಟ್ಟಿ ತರಿಸಿಕೊಳ್ಳಬೇಕು. ಹುಡುಗನ ಹೆಸರು, ಹುಟ್ಟಿದ ತಾರೀಕು, ಮೊದಲ ಜಾಗ, ಎರಡನೇ ಜಾಗ. ಅದನ್ನು ಹರಡಿಕೊಂಡು ಕೂತರೆ ಎಲ್ಲಿ ಜಾಸ್ತಿ ಜನ, ಎಲ್ಲಿ ಕೊರತೆ ಅನ್ನುವುದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಪ್ರಾಪ್ ಕಡಿಮೆ ಇದ್ದರೆ ಟ್ರಯಲ್ಸ್ ಎರಡು ದಿನ ಮಾಡಿ. ಫ್ಲ್ಯಾಂಕರ್ ಜಾಸ್ತಿ ಇದ್ದರೆ ಅವರಿಗೆಂದೇ ಚಿಕ್ಕ ಅಂಕಣದಲ್ಲಿ ಟ್ಯಾಕಲ್ ಮತ್ತು ರಕ್ (ನೆಲಕ್ಕೆ ಬಿದ್ದ ಚೆಂಡಿನ ಮೇಲೆ ನಿಂತು ತಳ್ಳಾಡುವುದು) ಮೇಲೆ ಅರ್ಧ ಗಂಟೆ ಆಡಿಸಿ. ಬಂದ ಪ್ರತಿ ಹುಡುಗನೂ ತನ್ನದೇ ಜಾಗದಲ್ಲಿ ಕನಿಷ್ಠ 20 ನಿಮಿಷ ಆಡಬೇಕು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಆಗದಿದ್ದರೆ ಅಷ್ಟು ಜನರನ್ನು ಕರೆಯಬೇಡಿ.

ಹುಟ್ಟಿದ ತಾರೀಕು ಅಂದೆ. ಅದಕ್ಕೆ ಕಾರಣ ಇದೆ. 1985ರಲ್ಲಿ ಕೆನಡಾದ ರಾಜರ್ ಬಾರ್ನ್ಸ್‌ಲಿ ಮತ್ತು ಜೊತೆಗಾರರು ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಲೆಕ್ಕ ಹಾಕಿ ನೋಡಿದರು. ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬ ಜಾಸ್ತಿ ಇದ್ದರು. ಅಲ್ಲಿ ವಯಸ್ಸಿನ ಗಡಿ ಜನವರಿ 1. ಜನವರಿಯಲ್ಲಿ ಹುಟ್ಟಿದವನಿಗೂ ಡಿಸೆಂಬರ್‌ನಲ್ಲಿ ಹುಟ್ಟಿದವನಿಗೂ ಹೆಚ್ಚುಕಮ್ಮಿ ಒಂದು ವರ್ಷದ ಬೆಳವಣಿಗೆಯ ವ್ಯತ್ಯಾಸ, ಆದರೆ ಇಬ್ಬರೂ ಒಂದೇ ಗುಂಪು. ರಗ್ಬಿಯಲ್ಲಿ ಮೈ ಭಾರವೇ ಆಯುಧ, ಹಾಗಾಗಿ ಇಲ್ಲಿ ಈ ತಪ್ಪು ಇನ್ನೂ ಸುಲಭ. ಅದರ ಮೇಲೆ ಹುಡುಗರು ಸರಸರನೆ ಎತ್ತರ ಬೆಳೆಯುವುದು 13-14ರ ಸುಮಾರಿಗೆ, ಅದೂ ಎಲ್ಲರಿಗೂ ಒಟ್ಟಿಗೆ ಅಲ್ಲ. 15ರ ವಯಸ್ಸಿಗೇ ಮೀಸೆ ಬಂದ ಹುಡುಗ ಮೂವರನ್ನು ಉರುಳಿಸಿ ಓಡಿದರೆ ಕಣ್ಣು ಅವನ ಮೇಲೇ ಹೋಗುತ್ತದೆ. ಎರಡು ವರ್ಷದಲ್ಲಿ ಉಳಿದವರೂ ಅಷ್ಟೇ ಎತ್ತರ ಆಗುತ್ತಾರೆ. ಅಷ್ಟರೊಳಗೆ ಅವರು ಆಟ ಬಿಟ್ಟಿರುತ್ತಾರೆ. ವೇಲ್ಸ್‌ನ ಶೇನ್ ವಿಲಿಯಮ್ಸ್ 5 ಅಡಿ 7 ಇಂಚಿನ ಆಟಗಾರ. ಈ ಆಟಕ್ಕೆ ಗಾತ್ರ ಸಾಲದು ಎಂಬ ಮಾತು ಕೇಳಿಯೇ ಬೆಳೆದವರು. ದೇಶಕ್ಕಾಗಿ 58 ಟ್ರೈ, ಅಂದರೆ ಚೆಂಡನ್ನು ಎದುರಾಳಿಯ ಗೆರೆಯಾಚೆ ನೆಲಕ್ಕೆ ಮುಟ್ಟಿಸಿ ಪಡೆಯುವ ಅಂಕ, ಗಳಿಸಿ, 2008ರಲ್ಲಿ ವಿಶ್ವದ ವರ್ಷದ ಆಟಗಾರ ಎನಿಸಿಕೊಂಡರು. ಆಯ್ಕೆದಾರರ ಕೈಯಲ್ಲಿರುವ ಹಾಳೆಯಲ್ಲಿ ಹೆಸರಿನ ಪಕ್ಕ ಹುಟ್ಟಿದ ತಿಂಗಳು ಇದ್ದರೆ ಒಂದು ಕ್ಷಣವಾದರೂ ಪೆನ್ನು ನಿಲ್ಲುತ್ತದೆ.

ಶಾಲೆಗೆ ಇಷ್ಟು ಜಾಗ ಎಂಬ ನಿಮ್ಮ ಸಲಹೆಯನ್ನು ಮಾತ್ರ ನಾನು ಒಪ್ಪಲಾರೆ. 23 ಜನರ ತಂಡದಲ್ಲಿ ಮುಂಸಾಲಿಗೆ ತರಬೇತಾದ ಆರು ಜನ ಇರಲೇಬೇಕು, ಅದು ನಿಯಮ. ಉಳಿದ 17ರಲ್ಲಿ ಬಾಕಿ 12 ಜಾಗಗಳೂ ತುಂಬಬೇಕು. ಫ್ಲ್ಯಾಂಕರ್‌ಗಳಿಗೆ ಹೆಚ್ಚೆಂದರೆ ಮೂರೋ ನಾಲ್ಕೋ ಸಿಗುತ್ತದೆ. ಇದರ ಮೇಲೆ ಶಾಲೆಗಳ ಹಂಚಿಕೆಯನ್ನೂ ಹೇರಿದರೆ ಯಾರೋ ಒಬ್ಬ ತಯಾರಿಲ್ಲದ ಹುಡುಗ ದೊಡ್ಡವರ ಎದುರು ಸ್ಕ್ರಮ್‌ಗೆ ಹೋಗಬೇಕಾಗುತ್ತದೆ. ಇನ್ನೊಂದು ಮಾತು, ನಿಮಗೆ ಹಿಡಿಸದೆ ಇರಬಹುದು. ಆ 9 ಹೆಸರು ಸರಿಯೂ ಇರಬಹುದು. ಒಳ್ಳೆಯ ಕೋಚ್ ಇರುವ ಶಾಲೆಯಲ್ಲಿ ಒಳ್ಳೆಯ ಹುಡುಗರು ಜಾಸ್ತಿ ಇರುತ್ತಾರೆ. ಆದರೆ ಸರಿ ಇದೆ ಎಂದು ನಂಬುವುದಕ್ಕೆ ಯಾರಿಗೂ ಆಧಾರ ಇಲ್ಲ. ಆ ಹುಡುಗರಿಗೂ ಇದರಿಂದ ಅನ್ಯಾಯವೇ. ಬೆವರು ಸುರಿಸಿ ಗಳಿಸಿದ ಜಾಗಕ್ಕೆ "ಸರ್ ಕಡೆಯವರು" ಎಂಬ ಹಣೆಪಟ್ಟಿ ಅಂಟುತ್ತದೆ.

ಸಮತೆ ಬೇಕಾಗಿರುವುದು ಬಾಗಿಲಲ್ಲಿ. ಯಾರನ್ನು ಟ್ರಯಲ್ಸ್‌ಗೆ ಕರೆದರು ಅನ್ನುವುದರಲ್ಲಿ. ದಕ್ಷಿಣ ಆಫ್ರಿಕಾದ ಶಾಲಾ ರಗ್ಬಿಯ ದೊಡ್ಡ ಹಬ್ಬ ಕ್ರೇವನ್ ವೀಕ್ 1964ರಲ್ಲಿ ಶುರುವಾಯಿತು. ಪ್ರಾಂತಗಳ ಶಾಲಾ ತಂಡಗಳು ಒಂದು ವಾರ ಆಡುತ್ತವೆ. 1980ರವರೆಗೆ ಅಲ್ಲಿ ಬಿಳಿಯ ಹುಡುಗರಿಗೆ ಮಾತ್ರ ಪ್ರವೇಶ. ಒಳಗೆ ಆಯ್ಕೆ ಎಷ್ಟೇ ಶಿಸ್ತಾಗಿ ನಡೆದಿದ್ದರೂ ಏನು ಬಂತು? ಬಾಗಿಲೇ ಮುಚ್ಚಿತ್ತು. ಬಾಗಿಲು ತೆರೆದ ಮೇಲೂ ಬಡತನ ಉಳಿಯಿತು. ಜ್ವೀಡೆ ಎಂಬ ಬಡ ಬಡಾವಣೆಯ ಸಿಯಾ ಕೊಲಿಸಿ ಮೊದಲ ಪ್ರಾಂತೀಯ ಟ್ರಯಲ್ಸ್‌ಗೆ ಹೋದಾಗ ಆಟದ ಚಡ್ಡಿ ಇಲ್ಲದೆ ಒಳಚಡ್ಡಿಯಲ್ಲೇ ಆಡಿದ್ದರು. ಅಂದು ಯಾರೋ ಅವರ ಬಟ್ಟೆ ನೋಡದೆ ಆಟ ನೋಡಿದರು. ಆ ಹುಡುಗ 2019 ಮತ್ತು 2023ರ ವಿಶ್ವಕಪ್‌ಗಳನ್ನು ನಾಯಕನಾಗಿ ಎತ್ತಿ ಹಿಡಿದ. ಬೂಟಿಲ್ಲದವನಿಗೆ ಬೂಟು, ದೂರದವನಿಗೆ ಬಸ್ಸಿನ ಖರ್ಚು, ಚಿಕ್ಕ ಶಾಲೆಯಿಂದಲೂ ಇಬ್ಬರಿಗಾದರೂ ಕರೆ. ಹಂಚಿಕೆ ಮಾಡುವುದಾದರೆ ಅಲ್ಲಿ ಮಾಡಲಿ.

ಆ ಕೋಚ್ ವಿಷಯ. ತನ್ನ ಹುಡುಗರ ಬಗ್ಗೆ ಅವರಷ್ಟು ಗೊತ್ತಿರುವವರು ಬೇರೆ ಯಾರೂ ಇಲ್ಲ, ಆದ್ದರಿಂದ ಅವರ ಮಾತು ಬೇಕು. ಮತ ಬೇಡ. ತನ್ನ ಶಾಲೆಯ ಹುಡುಗನ ಹೆಸರು ಬಂದಾಗ, ಕೇಳಿದ್ದಕ್ಕೆ ಉತ್ತರ ಹೇಳಿ ಕೋಣೆಯಿಂದ ಎದ್ದು ಹೊರಗೆ ಹೋಗಬೇಕು. ಮಗನೋ ಅಣ್ಣನ ಮಗನೋ ಆದರೆ ಹೇಳುವುದೇ ಬೇಡ. ಇದರ ಜೊತೆಗೆ, ಆಯ್ಕೆದಾರರು ಒಬ್ಬರೊಬ್ಬರೇ ತಮ್ಮ ಹಾಳೆಯಲ್ಲಿ ಬರೆದು ಮುಗಿಸುವವರೆಗೆ ಪರಸ್ಪರ ಮಾತಾಡಬಾರದು. ಒಬ್ಬ ಹಿರಿಯರು ಜೋರಾಗಿ "ಅವನು ಚೆನ್ನಾಗಿದ್ದಾನೆ" ಅಂದುಬಿಟ್ಟರೆ ಉಳಿದ ಮೂವರ ಕಣ್ಣಿಗೂ ಅವನೇ ಕಾಣುತ್ತಾನೆ. ನನ್ನ ಕಣ್ಣಿಗೆ ಬಿದ್ದದ್ದನ್ನು ಅಂದು ನಾನು ಬರೆಯದೆ ಹೋದದ್ದೂ ಹೀಗೆಯೇ.

ಕೊನೆಗೆ, ಆ ಮೈಕ್. ನಿಮ್ಮ ಪತ್ರದಲ್ಲಿ ನನಗೆ ಅತಿ ನೋವಾದದ್ದು ಇದೇ. 15-16ರ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಅಪ್ಪ ಅಮ್ಮಂದಿರ ಎದುರು, ಬರದ ಹೆಸರಿಗೆ ಕಾಯುವಂತೆ ಮಾಡುವುದು ಕ್ರೂರ. ಎರಡು ದಿನ ತಡವಾಗಲಿ. ಪ್ರತಿ ಹುಡುಗನಿಗೂ ಶಾಲೆಯ ಮೂಲಕ ಎರಡು ಸಾಲು ಹೋಗಲಿ, ಏನು ಚೆನ್ನಾಗಿತ್ತು, ಯಾವುದರ ಮೇಲೆ ಕೆಲಸ ಮಾಡಬೇಕು. ಟಿಪ್ಪಣಿ ಬರೆದಿದ್ದರೆ ಅದನ್ನೇ ಕೊಡಬಹುದು. ಕೊಡಲು ಎರಡು ಸಾಲೂ ಇಲ್ಲ ಅಂದರೆ ಆ ಹುಡುಗನನ್ನು ಯಾರೂ ನೋಡಿಲ್ಲ ಎಂದೇ ಅರ್ಥ, ಆಗ ಅವನನ್ನು ಮತ್ತೆ ಕರೆದು ನೋಡಬೇಕು.

ನೀವು ಆಯ್ಕೆ ಸಮಿತಿಗೆ ಬರೆಯಲೇ ಎಂದು ಕೇಳಿದ್ದೀರಿ. ಬರೆಯಿರಿ. ಪಕ್ಷಪಾತ ಮಾಡಿದಿರಿ ಎಂದು ಬರೆದರೆ ಅವರು ಇಲ್ಲ ಅನ್ನುತ್ತಾರೆ, ಪತ್ರ ಅಲ್ಲಿಗೇ ಮುಗಿಯುತ್ತದೆ. ಮೂರೇ ಪ್ರಶ್ನೆ ಕೇಳಿ. ನನ್ನ ಮಗ 7ನೇ ನಂಬರಿನವನು ಎಂಬುದು ನಿಮ್ಮ ಹಾಳೆಯಲ್ಲಿತ್ತೇ? ಅವನ ಬಗ್ಗೆ ಯಾರು ಏನು ಬರೆದಿದ್ದಾರೆ? ಅವನ ಜಾಗದಲ್ಲಿ ಅವನನ್ನು ನೋಡಲು ಇನ್ನೊಂದು ದಿನ ಇದೆಯೇ? ಪತ್ರವನ್ನು ಶಾಲೆಯ ಮೂಲಕ ಕಳಿಸಿ, ಮಗನಿಗೂ ಓದಿ ಹೇಳಿ. ಉತ್ತರ ಬಂದರೆ ನಮಗೊಂದು ಪ್ರತಿ ಕಳಿಸಿ, ಹೆಸರಿಲ್ಲದೆ ಅಚ್ಚು ಹಾಕುತ್ತೇವೆ. ಒಂದು ತಿಂಗಳಾದರೂ ಬರದಿದ್ದರೆ ಅದನ್ನೂ ತಿಳಿಸಿ, ಆ ಮೂರು ಪ್ರಶ್ನೆಗಳನ್ನು ಈ ಪುಟದಿಂದಲೇ ನಾವು ಕೇಳುತ್ತೇವೆ.