ವೆಟ್‌ಸೂಟನ್ನು ವಾಷಿಂಗ್ ಮೆಷೀನಿಗೆ ಮಾತ್ರ ಹಾಕಬೇಡಿ

ಋಷಿಕೇಶದ ರಾಫ್ಟಿಂಗ್ ಆದ ಮೇಲೆ, ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಬ್ಬರಿನ ಉಡುಪಾದ ವೆಟ್‌ಸೂಟ್ ನಾರುತ್ತಿದೆ, ಮೆಷೀನಿಗೆ ಹಾಕಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದನ್ನು ಮಾಡಿರುವ ನಿಯೋಪ್ರೀನ್ ರಬ್ಬರಿನೊಳಗೆ ಸಣ್ಣ ಸಣ್ಣ ಗುಳ್ಳೆಗಳಿರುತ್ತವೆ. ನಮ್ಮ ಮೈ ಬಿಸಿಯನ್ನು ಹಿಡಿದಿಡುವುದೇ ಅವು. ಬಿಸಿನೀರು, ಹಿಂಡುವುದು ಎರಡೂ ಈ ರಬ್ಬರಿಗೆ ಆಗಿಬರುವುದಿಲ್ಲ.

ಒಂದು ಬಕೆಟ್ ತಣ್ಣೀರಿಗೆ ಸ್ವಲ್ಪ ಬೇಬಿ ಶಾಂಪೂ ಹಾಕಿ ಅರ್ಧ ಗಂಟೆ ನೆನೆಸಿ. ಒಳಮಗ್ಗುಲು ಹೊರಗೆ ಮಾಡಿ ಕೈಯಲ್ಲೇ ತೊಳೆಯಿರಿ, ಬೆವರು ಕೂತಿರುವುದು ಅಲ್ಲೇ. ನೊರೆ ಪೂರ್ತಿ ಹೋಗುವ ತನಕ ಜಾಲಿಸಿ.

ಕಷ್ಟ ಇರುವುದು ಒಣಗಿಸುವುದರಲ್ಲಿ. ತಾರಸಿ ಬಿಸಿಲಿಗೆ ಹಾಕೋಣ ಅನ್ನಿಸುತ್ತದೆ, ಅಲ್ವಾ? ಆದರೆ ಬಿಸಿಲಿಗೆ ರಬ್ಬರು ಗಡುಸಾಗಿ ಬಿರುಕು ಬಿಡುತ್ತದೆ. ಬೆಂಗಳೂರಿನ ಮಳೆಗಾಲದಲ್ಲಿ ನನ್ನದನ್ನು ಸುಮ್ನೆ ಬಾಲ್ಕನಿಯಲ್ಲಿ ಬಿಟ್ಟಿದ್ದೆ. ಎರಡು ದಿನವಾದರೂ ಒಣಗಲಿಲ್ಲ, ತೋಳಿನೊಳಗೆ ಬೂಷ್ಟು ಹಿಡಿಯಿತು. ಈಗ ಸೊಂಟದ ಹತ್ತಿರ ಮಡಚಿ, ದಪ್ಪ ಕೋಲಿಗೆ ಹಾಕಿ, ಫ್ಯಾನ್ ಕೆಳಗೆ ಇಡುತ್ತೇನೆ. ಮೊದಲು ಒಳಗಡೆ, ಆಮೇಲೆ ಹೊರಗಡೆ. ತಂತಿ ಹ್ಯಾಂಗರ್ ಬೇಡ, ಭುಜ ಜೋತುಬೀಳುತ್ತದೆ.

ಲಡಾಖಿನ ಜಂಸ್ಕಾರ್ ನದಿಗೂ ಇದೇ 3/2 ಸೂಟ್ ಸಾಕಾ ಅಂದಿರಿ. 3/2 ಅಂದರೆ ಎದೆ, ಬೆನ್ನಿಗೆ 3 ಮಿ.ಮೀ., ಕೈಕಾಲಿಗೆ 2. ಅಲ್ಲಿಯದು ಹಿಮ ಕರಗಿದ ನೀರು, 5 ಮಿ.ಮೀ. ನೋಡಿ. ಕೊಳ್ಳುವಾಗ ಹಾಕಿ ನೋಡಿಯೇ ಕೊಳ್ಳಿ. ಸಡಿಲ ಇದ್ದರೆ ತಣ್ಣೀರು ಒಳಗೆ ಹೋಗಿ ಬರುತ್ತಲೇ ಇರುತ್ತದೆ, ಆಗ ಎಷ್ಟು ದಪ್ಪ ಇದ್ದರೂ ಚಳಿ ತಪ್ಪುವುದಿಲ್ಲ.