ಕುಡಿದು ಬಂದ ಹುಡುಗನಿಗೆ ಗೇಟು ತೆರೆಯಬೇಕೆ?

ಪ್ರಶ್ನೆ: ನಾನು ಹುಡುಗರ ಪಿ.ಜಿ. ನಡೆಸುತ್ತಿದ್ದೇನೆ. ಎಲ್ಲರೂ ಮಣಿಪಾಲದಲ್ಲಿ ಓದುವವರು. ಎರಡನೆಯ ವರ್ಷದ ಹುಡುಗನೊಬ್ಬ ವಾರವಿಡೀ ತನ್ನ ಪಾಡಿಗೆ ಓದಿಕೊಂಡಿರುತ್ತಾನೆ. ಶನಿವಾರ ಮಾತ್ರ ಗೆಳೆಯರ ಜೊತೆ ಮಲ್ಪೆಗೆ ಹೋಗಿ ಮಿತಿಮೀರಿ ಕುಡಿದು ಬರುತ್ತಾನೆ. ಕಳೆದ ವಾರ ಗೆಳೆಯರು ಅವನನ್ನು ಹಿಂಬಾಗಿಲಿನಿಂದ ಟೆರೇಸಿಗೆ ಹೊತ್ತೊಯ್ದು ಮಲಗಿಸಿದ್ದಾರೆ. ಬೆಳಗ್ಗೆ ವಾಂತಿಯ ನಡುವೆ ಬಿದ್ದಿದ್ದ. ‘ಕುಡಿದು ಬಂದರೆ ಗೇಟು ತೆರೆಯುವುದಿಲ್ಲ’ ಎಂದು ಬೋರ್ಡು ಹಾಕಿದ್ದೇನೆ, ಆದರೂ ಹೀಗೆ. ಹೊರಗೆ ಹಾಕಲೇ? ಮನೆಯವರಿಗೆ ಫೋನ್ ಮಾಡಲೇ?
– ಓದುಗರೊಬ್ಬರು, ಪರ್ಕಳ

ಉತ್ತರ: ಅಕ್ಕ, ಮೊದಲು ಆ ಬೋರ್ಡು ತೆಗೆಯಿರಿ. ಅವನನ್ನು ಟೆರೇಸಿಗೆ ಹತ್ತಿಸಿದ್ದು ಆ ಬೋರ್ಡಿನ ಭಯ. ನಿಮ್ಮನ್ನು ಎಬ್ಬಿಸಿದರೆ ರೂಮು ಹೋಗುತ್ತದೆಂದು ಗೆಳೆಯರು ಅವನನ್ನು ಅಡಗಿಸಿದರು. ಪ್ರಜ್ಞೆಯಿಲ್ಲದವನು ಅಂಗಾತ ಮಲಗಿ ವಾಂತಿ ಮಾಡಿಕೊಂಡರೆ ಅದು ಶ್ವಾಸನಾಳಕ್ಕೆ ಇಳಿದು ಜೀವ ಹೋಗಬಹುದು. ನಿಮ್ಮ ಹುಡುಗ ಬದುಕಿದ್ದಾನೆ, ಅದು ಅದೃಷ್ಟ. ಅದೇ ಬೋರ್ಡಿಗೆ ಹೆದರಿ ಇನ್ನೊಬ್ಬ ಹುಡುಗ ಅಮಲು ಇಳಿಯುವ ಮೊದಲೇ ಬೈಕ್ ಹತ್ತಿ, ಗೇಟು ಮುಚ್ಚುವುದರೊಳಗೆ ತಲುಪಬೇಕೆಂದು ಮಲ್ಪೆಯಿಂದ ಕಲ್ಸಂಕ, ಇಂದ್ರಾಳಿ ದಾಟಿ ಮಳೆಯಲ್ಲಿ ಓಡಿಸಿಕೊಂಡು ಬರುತ್ತಾನೆ.

ಬೋರ್ಡು ಇದ್ದ ಜಾಗದಲ್ಲಿ ಹೀಗೆ ಬರೆಯಿರಿ: ‘ಯಾರಿಗಾದರೂ ಎಚ್ಚರ ತಪ್ಪಿದರೆ ಎಷ್ಟು ಹೊತ್ತಿಗಾದರೂ ನನ್ನನ್ನು ಎಬ್ಬಿಸಿ. ಆ ರಾತ್ರಿ ಬೈಯುವುದಿಲ್ಲ.’ ಆ ಮಾತನ್ನು ಉಳಿಸಿಕೊಳ್ಳಿ. ಕರೆದರೂ, ಅಲುಗಾಡಿಸಿದರೂ ಏಳದಿದ್ದರೆ, ಉಸಿರು ನಿಧಾನವಾಗಿ ನಿಮಿಷಕ್ಕೆ ಎಂಟಕ್ಕಿಂತ ಕೆಳಗಿಳಿದರೆ, ತುಟಿ ನೀಲಿಯಾದರೆ, ಮೈ ತಣ್ಣಗಾದರೆ 108ಕ್ಕೆ ಕರೆ ಮಾಡಿ. ಅಲ್ಲಿಯವರೆಗೆ ಮಗ್ಗುಲಾಗಿ ಮಲಗಿಸಿ, ಪಕ್ಕದಲ್ಲಿ ಒಬ್ಬರು ಕೂತಿರಲಿ. ಲಿಂಬೆಹಣ್ಣು, ಮಜ್ಜಿಗೆ, ಕಾಫಿ ಯಾವುದನ್ನೂ ಬಾಯಿಗೆ ಹಾಕಬೇಡಿ. ತಲೆಗೆ ತಣ್ಣೀರು ಸುರಿಯಬೇಡಿ. ‘ಮಲಗಿದರೆ ಸರಿಹೋಗುತ್ತದೆ’ ಎಂಬ ಮಾತನ್ನು ನಂಬಬೇಡಿ. ಕುಡಿಯುವುದನ್ನು ನಿಲ್ಲಿಸಿದ ಮೇಲೂ ಹೊಟ್ಟೆಯಲ್ಲಿ ಉಳಿದ ಮದ್ಯ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮಲಗುವಾಗ ಇದ್ದದ್ದಕ್ಕಿಂತ ಒಂದು ಗಂಟೆಯ ನಂತರ ಸ್ಥಿತಿ ಕೆಟ್ಟಿರಬಹುದು.

ಹೊರಗೆ ಹಾಕಬೇಡಿ. ಇವನು ದಿನಾ ಕುಡಿಯುವವನಲ್ಲ, ಆದ್ದರಿಂದ ತನಗೆ ತೊಂದರೆಯಿದೆ ಎಂದು ಅವನಿಗೇ ಅನ್ನಿಸಿರಲಾರದು. ಅವನ ಅಪಾಯವೆಲ್ಲ ಆ ಒಂದು ರಾತ್ರಿಯ ಪ್ರಮಾಣದಲ್ಲಿದೆ. ಭಾನುವಾರ ಮಧ್ಯಾಹ್ನ ಊಟ ಬಡಿಸಿದ ಮೇಲೆ ಅವನೊಬ್ಬನನ್ನೇ ಕೂರಿಸಿಕೊಳ್ಳಿ. ‘ಕುಡಿಯುತ್ತೀಯಾ?’ ಎಂದು ಕೇಳಿದರೆ ‘ಇಲ್ಲ ಆಂಟಿ’ ಎನ್ನುತ್ತಾನೆ, ಮಾತು ಅಲ್ಲಿಗೇ ಮುಗಿಯುತ್ತದೆ. ‘ನಿನ್ನೆ ಏನು, ಎಷ್ಟು? ಎಲ್ಲಿಯವರೆಗೆ ನೆನಪಿದೆ?’ ಎಂದು ಕೇಳಿ. ಆ ಗಮ್ಮತ್ತಿನಲ್ಲಿ ಅವನಿಗೆ ಏನು ಇಷ್ಟ, ಮರುದಿನ ಏನು ಕಷ್ಟ ಎಂದು ಕೇಳಿ, ಸುಮ್ಮನಿದ್ದುಬಿಡಿ. ಇಳಿಸಬೇಕು ಎಂಬ ಮಾತು ಅವನ ಬಾಯಿಂದಲೇ ಬರಲಿ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕಾಲೇಜು ಹುಡುಗರಿಗಾಗಿಯೇ ರೂಪಿಸಿದ ‘ಬೇಸಿಕ್ಸ್’ ಎಂಬ ಕ್ರಮವೂ ಇಂಥದೇ. ಎರಡು ಸಣ್ಣ ಭೇಟಿ, ಉಪದೇಶವಿಲ್ಲ, ಅವನ ಲೆಕ್ಕವನ್ನು ಅವನ ಮುಂದಿಡುವುದು, ಅಷ್ಟೇ. ನಾನು ಹಾಸ್ಟೆಲುಗಳ ಹುಡುಗರ ಜೊತೆ ಕೂತು ಮಾತಾಡುವುದೂ ಹೀಗೆಯೇ.

‘ಎಲ್ಲರೂ ಕುಡಿಯುತ್ತಾರೆ’ ಎಂದು ಅವನು ಖಂಡಿತ ಹೇಳುತ್ತಾನೆ, ಹಾಗೆಯೇ ನಂಬಿಯೂ ಇರುತ್ತಾನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಹದಿನೈದು ದಾಟಿದ ಗಂಡಸರಲ್ಲಿ ಮದ್ಯ ಸೇವಿಸುತ್ತೇವೆ ಎಂದವರು ಐವರಲ್ಲಿ ಒಬ್ಬರಿಗಿಂತ ಕಡಿಮೆ. ನಿಮ್ಮ ಪಿ.ಜಿ.ಯಲ್ಲೇ ಶನಿವಾರ ರಾತ್ರಿ ಗಂಜಿ ಉಂಡು ಮಲಗುವ ಹುಡುಗರಿಲ್ಲವೇ? ಅವರು ಸದ್ದು ಮಾಡುವುದಿಲ್ಲ, ಅದಕ್ಕೇ ಲೆಕ್ಕಕ್ಕೆ ಬರುವುದಿಲ್ಲ.

ಮನೆಯವರಿಗೆ ಅವನ ಬೆನ್ನ ಹಿಂದೆ ಹೇಳಬೇಡಿ. ಆಸ್ಪತ್ರೆಗೆ ಸೇರಿಸುವಂತಾದರೆ ಹೇಳಲೇಬೇಕಾಗುತ್ತದೆ ಎಂದು ಅವನಿಗೆ ಈಗಲೇ ತಿಳಿಸಿಡಿ. ರಾತ್ರಿ ನಡೆದದ್ದು ಮತ್ತೆ ಮತ್ತೆ ನೆನಪಿಲ್ಲ ಎಂದರೆ ಕಾಲೇಜಿನ ಆಪ್ತಸಮಾಲೋಚಕರ ಬಳಿ ಹೋಗಲಿ. ಅಲ್ಲಿ ಗುರುತಿನವರು ಸಿಗುತ್ತಾರೆಂಬ ನಾಚಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಾನು ವಿಸ್ಕಿ ಮುಟ್ಟುವುದಿಲ್ಲ. ವಾರಕ್ಕೊಮ್ಮೆ ಸ್ಟ್ರಾಂಗ್ ಬಿಯರ್ ಮೂರು ಬಾಟಲಿ, ಅದೂ ಹೊಟ್ಟೆತುಂಬ ಊಟ ಮಾಡಿ. ಅಪಾಯವಿಲ್ಲ ತಾನೇ?
– ಪದವಿ ವಿದ್ಯಾರ್ಥಿ, ಮಂಗಳೂರು

ಉತ್ತರ: ಇದೆ. ಶೇ. 8ರ ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿರುವ ಮದ್ಯಸಾರ 30 ಮಿಲಿಯ ನಾಲ್ಕು ಪೆಗ್ ವಿಸ್ಕಿಯಷ್ಟು. ಮೂರು ಬಾಟಲಿ ಎಂದರೆ ಹನ್ನೆರಡು ಪೆಗ್. ಊಟ ಅದನ್ನು ನಿಧಾನವಾಗಿ ರಕ್ತಕ್ಕೆ ಬಿಡುತ್ತದೆಯೇ ಹೊರತು ಕಡಿಮೆ ಮಾಡುವುದಿಲ್ಲ. ಒಂದು ಪೆಗ್ ಕರಗಿಸಲು ಯಕೃತ್ತಿಗೆ ಸುಮಾರು ಒಂದು ಗಂಟೆ ಬೇಕು. ರಾತ್ರಿ ಹತ್ತಕ್ಕೆ ಮುಗಿಸಿ, ಬೆಳಗ್ಗೆ ಎಂಟಕ್ಕೆ ಬೈಕ್ ಹತ್ತುವಾಗಲೂ ಕಾನೂನಿನ ಮಿತಿಯಾದ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ಎಂಬುದನ್ನು ನೀವು ದಾಟಿರಬಹುದು. ಮೊದಲ ಸಲ ಸಿಕ್ಕಿಬಿದ್ದರೆ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಪೂರ್ತಿ ಬಿಟ್ಟರೆ ನನಗೆ ಸಂತೋಷ. ಆಗದಿದ್ದರೆ ಈ ಶನಿವಾರವೇ ಸ್ಟ್ರಾಂಗ್ ಬಿಟ್ಟು ಒಂದು ಬಾಟಲಿಗೆ ಇಳಿಸಿ, ಬೈಕ್ ರೂಮಿನಲ್ಲೇ ಬಿಟ್ಟು ಹೋಗಿ. ಎರಡು ಮೂರು ವಾರ ಪ್ರಯತ್ನಿಸಿಯೂ ಒಂದಕ್ಕೆ ನಿಲ್ಲಲಾಗಲಿಲ್ಲ ಎಂದಾದರೆ ವೆನ್ಲಾಕ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ, ಈ ಲೆಕ್ಕವನ್ನು ಮುಚ್ಚಿಡದೆ ಹೇಳಿ.